ನಿಮ್ಮ ಪ್ಯಾನ್‌ನಲ್ಲಿ ಯಾರ ವ್ಯಾಪಾರ?

2021ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಮಥುರಾದ ರಿಕ್ಷಾ ಚಾಲಕರೊಬ್ಬರಿಗೆ ಆದಾಯ ತೆರಿಗೆ ಇಲಾಖೆಯ ನೋಟಿಸ್ ಬಂತು. ಕಟ್ಟಬೇಕಾದದ್ದು 3 ಕೋಟಿ ರೂಪಾಯಿಗೂ ಹೆಚ್ಚು! ಅವರ ಹೆಸರಿನಲ್ಲಿ ಯಾರೋ ಜಿಎಸ್‌ಟಿ ನೋಂದಣಿ ಮಾಡಿಸಿ, 2018–19ರಲ್ಲಿ 43 ಕೋಟಿ ರೂಪಾಯಿ ವಹಿವಾಟು ತೋರಿಸಿದ್ದರು. ಪ್ಯಾನ್‌ಗೆ ಅರ್ಜಿ ಹಾಕಿದ್ದಾಗ ತಮಗೆ ಸಿಕ್ಕಿದ್ದು ಅಸಲಿ ಕಾರ್ಡಲ್ಲ, ಅದರ ಕಲರ್ ಜೆರಾಕ್ಸ್ ಎಂಬುದು ಅಕ್ಷರ ಬಾರದ ಆ ಚಾಲಕರಿಗೆ ತಿಳಿದಿರಲೇ ಇಲ್ಲ.

2025ರಲ್ಲಿ ಮಧ್ಯಪ್ರದೇಶದ ದಮೋಹ್‌ನ ಮೊಟ್ಟೆ ವ್ಯಾಪಾರಿಯೊಬ್ಬರಿಗೂ ಇದೇ ಗತಿ. ದೆಹಲಿಯಲ್ಲಿ ತಮ್ಮ ಹೆಸರಿನಲ್ಲೊಂದು ಕಂಪನಿ ಇದೆ, ಅದು ಸುಮಾರು 50 ಕೋಟಿಯ ವಹಿವಾಟು ನಡೆಸಿದೆ ಎಂದು ಅವರಿಗೆ ಗೊತ್ತಾದದ್ದು ನೋಟಿಸ್ ಬಂದ ಮೇಲೆಯೇ.

ವಂಚಕರಿಗೆ ಇದರಿಂದೇನು ಲಾಭ? ಸರಕೇ ಇಲ್ಲದೆ ಬಿಲ್ ಹರಿದು, ಆ ಬಿಲ್ಲಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿ ವೇಳೆ ತೆತ್ತ ತೆರಿಗೆಯ ಹೊಂದಾಣಿಕೆ) ಪಡೆಯುವುದು ಅವರ ದಂಧೆ. ಅದಕ್ಕೆ ಬೇನಾಮಿ ಸಂಸ್ಥೆ ಬೇಕು, ಸಂಸ್ಥೆಗೆ ಬಡಪಾಯಿಯೊಬ್ಬರ ಪ್ಯಾನ್ ಬೇಕು. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲೆರಡು ರಾಜ್ಯದ ಕೋಡ್ (ಕರ್ನಾಟಕಕ್ಕೆ 29), ಮುಂದಿನ ಹತ್ತು ಪ್ಯಾನ್. ಹಾಗಾಗಿ ತನಿಖೆ ನೇರವಾಗಿ ಬಂದು ನಿಲ್ಲುವುದು ಕಾರ್ಡಿನ ಯಜಮಾನನ ಬಾಗಿಲಲ್ಲಿ.

ಬಡವರಷ್ಟೇ ಸಿಕ್ಕಿಬೀಳುತ್ತಾರೆ ಎಂದುಕೊಳ್ಳಬೇಡಿ. ತಮ್ಮ ಪ್ಯಾನ್ ಬಳಸಿ ಯಾರೋ 2,500 ರೂಪಾಯಿ ಸಾಲ ಎತ್ತಿದ್ದಾರೆಂದು ನಟ ರಾಜ್‌ಕುಮಾರ್ ರಾವ್ 2022ರಲ್ಲಿ ದೂರಿದ್ದರು.

ಲಾಡ್ಜಿನಿಂದ ಸಿಮ್ ಅಂಗಡಿಯವರೆಗೆ ಕೇಳಿದವರಿಗೆಲ್ಲ ಜೆರಾಕ್ಸ್ ಕೊಟ್ಟು ನಮಗೆ ರೂಢಿ. ಬೇಡದ ಕಡೆಯೂ ಕೇಳುವವರದ್ದು ದೊಡ್ಡ ತಪ್ಪು, ನಿಜ. ಆದರೂ ಕೊಡಲೇಬೇಕಾದಾಗ ಪ್ರತಿಯ ಮೇಲೆ ಅಡ್ಡಲಾಗಿ ‘ಇಂಥ ಕೆಲಸಕ್ಕೆ ಮಾತ್ರ’ ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿಕೊಡಿ.

ಮೋಸ ನಡೆದಿದೆಯೇ ಎಂದು ತಿಳಿಯಲು ಆಡಿಟರ್ ಬಳಿ ಓಡಬೇಕಿಲ್ಲ. ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ ಹಾಕಿ ಹುಡುಕಿದರೆ, ಅದರ ಮೇಲಿರುವ ನೋಂದಣಿಗಳೆಲ್ಲ ಲಾಗಿನ್ ಇಲ್ಲದೆಯೇ ಕಾಣುತ್ತವೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ 2021ರಿಂದ ಸಿಗುತ್ತಿರುವ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ಇನ್ನೂ ವಿವರವಾದದ್ದು: ಬಡ್ಡಿ, ಷೇರು, ಆಸ್ತಿ, ಜಿಎಸ್‌ಟಿ ವಹಿವಾಟು ಎಲ್ಲವೂ ಅಲ್ಲಿರುತ್ತದೆ. ನಿಮ್ಮದಲ್ಲದ ಸಾಲು ಕಂಡರೆ ಅಲ್ಲೇ ಆಕ್ಷೇಪ ದಾಖಲಿಸಬಹುದು. ರಿಟರ್ನ್ ಸಲ್ಲಿಸದ ಮನೆಯ ಹಿರಿಯರ ಪ್ಯಾನ್ ಅನ್ನೂ ಒಮ್ಮೆ ನೋಡಿ. ಯಾರೂ ತಿರುಗಿ ನೋಡದ ಕಾರ್ಡುಗಳೆಂದರೆ ಕಳ್ಳರಿಗೆ ಹಬ್ಬ.

ಇನ್ನು ‘ರಿಫಂಡ್ ಬಂದಿದೆ, ಲಿಂಕ್ ಒತ್ತಿ’ ಎಂಬ ಮೆಸೇಜುಗಳು. ರಿಟರ್ನ್‌ಗಳನ್ನು ಪರಿಶೀಲಿಸುವುದು ಬೆಂಗಳೂರಿನಲ್ಲಿರುವ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ (ಸಿಪಿಸಿ). ರಿಫಂಡ್ ನೇರವಾಗಿ ನೀವು ದೃಢೀಕರಿಸಿದ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅದಕ್ಕೆ ಒಟಿಪಿಯನ್ನಾಗಲಿ ಪಾಸ್‌ವರ್ಡನ್ನಾಗಲಿ ಇಲಾಖೆ ಕೇಳುವುದಿಲ್ಲ. ಬಂದ ನೋಟಿಸ್ ಅಸಲಿಯೋ ನಕಲಿಯೋ ಎಂಬುದನ್ನು ಅದರ ಮೇಲಿನ ದಾಖಲೆ ಗುರುತಿನ ಸಂಖ್ಯೆ (ಡಿಐಎನ್) ಹಾಕಿ ಪೋರ್ಟಲ್‌ನಲ್ಲೇ ನೋಡಬಹುದು.

ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪ್ಯಾನ್ ದುರ್ಬಳಕೆಯಾಗಿದ್ದರೆ ಪೊಲೀಸ್ ದೂರಿನ ಪ್ರತಿ ತಪ್ಪದೆ ಪಡೆದಿಟ್ಟುಕೊಳ್ಳಿ. ನೋಟಿಸಿಗೆ ಉತ್ತರ ಕೊಡುವಾಗ ಬೇಕಾಗುತ್ತದೆ.