ಬೆಳಕಿಗೆ ಬೆಳಕಿನದೇ ಲಗಾಮು

ಆಪ್ಟಿಕಲ್ ಫೈಬರಿನೊಳಗೆ ಮಾಹಿತಿ ಓಡುವುದು ಬೆಳಕಾಗಿ. ಆದರೆ ಆ ಬೆಳಕಿನ ಮೇಲೆ ಸೊನ್ನೆ, ಒಂದುಗಳನ್ನು ಮೂಡಿಸುವ ಮಾಡ್ಯುಲೇಟರ್ ಇಂದಿಗೂ ವಿದ್ಯುತ್ತಿನ ಅಧೀನ. ವಿದ್ಯುತ್ ಮಂಡಲದ ವೇಗಕ್ಕೊಂದು ಮಿತಿಯಿದೆ. ನಡುವೆ ವಿದ್ಯುತ್ತೇ ಇಲ್ಲದೆ, ಒಂದು ಬೆಳಕು ಇನ್ನೊಂದನ್ನು ತಡೆದು ಬಿಡುವಂತಾದರೆ? ಈ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಒಂದು ಗ್ರ್ಯಾಫೀನ್.

ಗ್ರ್ಯಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ. ಮ್ಯಾಂಚೆಸ್ಟರಿನ ಆಂದ್ರೆ ಗೀಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ 2004ರಲ್ಲಿ ಅಂಟುಪಟ್ಟಿಯಿಂದ ಗ್ರಾಫೈಟನ್ನು ಪದರಪದರವಾಗಿ ಕಿತ್ತು ಇದನ್ನು ಬೇರ್ಪಡಿಸಿದರು. 2010ರಲ್ಲಿ ನೊಬೆಲ್ ಪಡೆದರು. ಈ ಹಾಳೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 2.3ರಷ್ಟನ್ನು ಹೀರುತ್ತದೆ. ಒಂದು ಪರಮಾಣುವಿನ ದಪ್ಪಕ್ಕೆ ಅದು ಬಹಳ; ಸಂಕೇತವನ್ನು ತಡೆಯಲು ಮಾತ್ರ ಏನೇನೂ ಸಾಲದು.

ಹಾಗಾಗಿ ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ಲಿಮಿನ್ ಟಾಂಗ್ ಮತ್ತು ಸಂಗಡಿಗರು ಬೆಳಕನ್ನು ಹಾಳೆಯ ಮೂಲಕ ಹಾಯಿಸದೆ, ಹಾಳೆಯುದ್ದಕ್ಕೂ ಓಡಿಸಿದರು. ಮಾಮೂಲಿ ಫೈಬರಿನ ಗಾಜು 125 ಮೈಕ್ರೊಮೀಟರ್ ದಪ್ಪವಿರುತ್ತದೆ. ಅದನ್ನು ಕಾಯಿಸಿ, ಎಳೆದು, ಸುಮಾರು ಒಂದು ಮೈಕ್ರೊಮೀಟರಿಗೆ ಇಳಿಸಿದರೆ ಬೆಳಕಿನ ಒಂದು ಪಾಲು ಗಾಜಿನ ಹೊರಮೈಗೆ ಒತ್ತಿಕೊಂಡೇ ಸಾಗುತ್ತದೆ. ಅಲ್ಲಿ ಗ್ರ್ಯಾಫೀನ್ ಸುತ್ತಿದರೆ ದಾರಿಯುದ್ದಕ್ಕೂ ಬೆಳಕು ಅದಕ್ಕೆ ತಾಗುತ್ತಲೇ ಇರುತ್ತದೆ.

ಇನ್ನು ಸ್ವಿಚ್ಚಿನ ಕೆಲಸ. ಬೆಳಕನ್ನು ಹೀರಿದ ಎಲೆಕ್ಟ್ರಾನು ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ. ಪ್ರಬಲವಾದ ಲೇಸರ್ ಮಿಡಿತವೊಂದನ್ನು ಕಳಿಸಿದರೆ, ಸೀಟು ಭರ್ತಿಯಾದ ಬಸ್ಸಿನಂತೆ, ಆ ಮಟ್ಟದಲ್ಲಿ ಜಾಗವೇ ಉಳಿಯುವುದಿಲ್ಲ. ಹೀರಿಕೆ ತಗ್ಗುತ್ತದೆ, ಜೊತೆಗಿದ್ದ ದುರ್ಬಲ ಸಂಕೇತ ಸಲೀಸಾಗಿ ದಾಟುತ್ತದೆ. ಸುಮಾರು 2.2 ಪಿಕೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಎರಡು ಕಳೆಯುವಷ್ಟರಲ್ಲಿ, ಎಲೆಕ್ಟ್ರಾನುಗಳು ಕೆಳಗಿಳಿದು ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. 2014ರಲ್ಲಿ ಈ ತಂಡ ಪ್ರಕಟಿಸಿದ ಅಳತೆಯಿದು.

ಇದೇ ಗುಣ ಫೈಬರ್ ಲೇಸರುಗಳಿಗೆ ಇನ್ನೂ ಮೊದಲೇ ಒದಗಿತ್ತು. ದುರ್ಬಲ ಬೆಳಕನ್ನು ನುಂಗಿ ಪ್ರಬಲ ಬೆಳಕನ್ನಷ್ಟೇ ಬಿಡುವ ಗ್ರ್ಯಾಫೀನಿನಿಂದ ಸಿಂಗಪುರದ ಸಂಶೋಧಕರು 2009ರಲ್ಲೇ ಪಿಕೊಸೆಕೆಂಡಿಗಿಂತ ಕಿರಿದಾದ ಮಿಡಿತಗಳನ್ನು ಪಡೆದಿದ್ದರು.

ಆದರೂ ಕೊರತೆಗಳಿವೆ. ಝೆಜಿಯಾಂಗ್ ಪ್ರಯೋಗದಲ್ಲಿ ಸಂಕೇತವನ್ನು ಏರಿಳಿಸಲಾದದ್ದು ಶೇ 38ರಷ್ಟು ಮಾತ್ರ. ಪೂರ್ಣ ಕತ್ತಲು, ಪೂರ್ಣ ಬೆಳಕು ಅಲ್ಲ. ನಿಯಂತ್ರಿಸಲು ಪ್ರತ್ಯೇಕ ಲೇಸರ್ ಬೇಕು. ದೋಷವಿಲ್ಲದ ಹಾಳೆಯನ್ನು ಕೂದಲಿಗಿಂತ ತೆಳುವಾದ ಗಾಜಿನ ಮೇಲೆ ಹರಿಯದಂತೆ ಕೂರಿಸುವುದೂ ನಾಜೂಕಿನ ಕೆಲಸ. ಲೇಸರಿನೊಳಗೆ ಗ್ರ್ಯಾಫೀನ್ ತನ್ನ ಯೋಗ್ಯತೆ ತೋರಿಸಿದೆ. ದೂರಸಂಪರ್ಕದ ಜಾಲದಲ್ಲಿ ಇಂದಿನ ವಿದ್ಯುತ್ ಮಾಡ್ಯುಲೇಟರುಗಳ ಹರಳಾದ ಲಿಥಿಯಂ ನಯೋಬೇಟಿನ ಜಾಗ ಹಿಡಿಯಬೇಕಾದರೆ ವೇಗವೊಂದೇ ಸಾಲದು, ಪೂರ್ತಿ ತಡೆಯುವ ಶಕ್ತಿಯೂ ಬೇಕು.