ಎರೆ ಹೊಲದ ಗೋಧಿಗೆ ಯೂರಿಯಾ

ಹಿಂಗಾರಿ ಗೋಧಿ ಮೊಳೆತು ಸಾಲು ಕಾಣುವ ಹೊತ್ತಿಗೆ ಯೂರಿಯಾಕ್ಕಾಗಿ ರೈತರ ಓಡಾಟ ಶುರುವಾಗುತ್ತದೆ. ಅಷ್ಟು ಕಷ್ಟಪಟ್ಟು ತಂದ ಗೊಬ್ಬರದಲ್ಲಿ ಒಂದು ಪಾಲು ಬೇರಿಗೆ ಸೇರದೆ ಗಾಳಿಗೆ ಹೋಗುವುದು ನಿಜಕ್ಕೂ ನೋವಿನ ಸಂಗತಿ. ಧಾರವಾಡ, ಬಾಗಲಕೋಟೆ, ವಿಜಯಪುರದ ಎರೆ ಭೂಮಿಯಲ್ಲಿ ಈ ನಷ್ಟದ ಭಯ ಹೆಚ್ಚು.

ಕಾರಣ ಮಣ್ಣಿನಲ್ಲೇ ಇದೆ. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿದೆ. ತೇವ ತಾಗಿದರೆ ಮಣ್ಣಿನ ಕಿಣ್ವಗಳು ಅದನ್ನು ಕೆಲವೇ ದಿನಗಳಲ್ಲಿ ಅಮೋನಿಯಂ ಆಗಿ ಒಡೆಯುತ್ತವೆ. ಎರೆಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು, ರಸಸಾರ ಎಷ್ಟೋ ಕಡೆ 8 ದಾಟಿರುತ್ತದೆ. ಇಂಥ ನೆಲದ ಮೇಲ್ಪದರದಲ್ಲೇ ಉಳಿದ ಅಮೋನಿಯಂ ಅನಿಲವಾಗಿ ಹಾರಿಹೋಗುತ್ತದೆ. ನೀರು ಹಾಯಿಸಿದ ಮೇಲೆ ಹಸಿ ನೆಲಕ್ಕೆ ಎರಚಿ ಹಾಗೇ ಬಿಡುವ ರೂಢಿ ಅದಕ್ಕೇ ತಪ್ಪು. ಬೇವು ಲೇಪನ ಇದೆಯಲ್ಲ ಎನ್ನುವವರಿದ್ದಾರೆ. ಬೇವು ನಿಧಾನಗೊಳಿಸುವುದು ಅಮೋನಿಯಂ ನೈಟ್ರೇಟ್ ಆಗುವುದನ್ನು. ಹೀಗೆ ಆವಿಯಾಗುವುದನ್ನು ಅದು ತಡೆಯದು.

ನೀರಾವರಿ ಗೋಧಿಗೆ ಎಕರೆಗೆ ಸುಮಾರು 40 ಕೆ.ಜಿ. ಸಾರಜನಕ ಬೇಕು. ಅರ್ಧ ಬಿತ್ತನೆಯ ಜೊತೆಗೆ. ಡಿಎಪಿ ಹಾಕಿದ್ದರೆ ಅದರಲ್ಲಿರುವ ಶೇ 18ನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಳಿದರ್ಧ 20–25 ದಿನಕ್ಕೆ, ಮುಕುಟ ಬೇರು ಮೂಡಿ ತೆಂಡೆಯೊಡೆಯುವಾಗ. 45 ಕೆ.ಜಿ.ಯ ಒಂದು ಚೀಲದಲ್ಲಿ 20.7 ಕೆ.ಜಿ. ಸಾರಜನಕ ಇರುವುದರಿಂದ ಈ ಕಂತಿಗೆ ಎಕರೆಗೊಂದು ಚೀಲ ಸಾಕು. ಇಬ್ಬನಿ ಆರಿದ ಮೇಲೆ ಒಣ ನೆಲಕ್ಕೆ ಚೆಲ್ಲಿ ಅಂದೇ ಹದವಾಗಿ ನೀರು ಕೊಟ್ಟರೆ ಯೂರಿಯಾ ಕರಗಿ ಬೇರಿನ ಪದರಕ್ಕೆ ಇಳಿಯುತ್ತದೆ.

ಮಳೆಯಾಶ್ರಿತ ಹೊಲದ ಮಾತೇ ಬೇರೆ. ಮುಂದೆ ಮಳೆ ಬಂದೀತೆಂಬ ಭರವಸೆ ಇಲ್ಲದ ಕಡೆ ಮೇಲುಗೊಬ್ಬರ ಕಾಯುತ್ತ ಕೂರುವಂತಿಲ್ಲ. ಪೂರ್ತಿ ಗೊಬ್ಬರ ಬಿತ್ತುವಾಗಲೇ ಕೂರಿಗೆಯಲ್ಲಿ ಹಸಿ ಮಣ್ಣಿಗೆ ಇಳಿಯಬೇಕು. ಬೀಜಕ್ಕೆ ಮಾತ್ರ ತಾಗಬಾರದು, ಮೊಳಕೆ ಸುಡುತ್ತದೆ. ಆಮೇಲೆ ಎಲೆ ಬಿಳಚಿದರೆ ಶೇ 2ರ ಯೂರಿಯಾ ದ್ರಾವಣ ಸಿಂಪಡಿಸಬಹುದು.

ಯೂರಿಯಾದ ಬದಲು ಹಾಕಬಹುದಾದ ಅಮೋನಿಯಂ ಸಲ್ಫೇಟ್ ಸಾರಜನಕದ ಜೊತೆಗೆ ಗಂಧಕವನ್ನೂ ಕೊಡುತ್ತದೆ. ಮಣ್ಣು ಪರೀಕ್ಷೆಯಲ್ಲಿ ಗಂಧಕದ ಕೊರತೆ ಕಂಡವರು ಅದನ್ನು ಆರಿಸಲಿ.

ರವೆ, ಶಾವಿಗೆಗೆ ಹೋಗುವ ಡ್ಯೂರಂ ಗೋಧಿಯಲ್ಲಿ ಸಾರಜನಕ ಕಡಿಮೆಯಾದರೆ ಗಾಜಿನಂತಿರಬೇಕಾದ ಕಾಳಿನಲ್ಲಿ ಹಿಟ್ಟು ಹಿಟ್ಟಾದ ಮಚ್ಚೆ ಬೀಳುತ್ತದೆ, ಬೆಲೆ ಇಳಿಯುತ್ತದೆ. ಎತ್ತರಕ್ಕೆ ಬೆಳೆಯುವ ಹಳೆಯ ಜವೆಗೋಧಿ ತಳಿಗಳಿಗೆ ಹೆಚ್ಚಾದರೆ ಬೆಳೆಯೇ ನೆಲಕ್ಕೊರಗುತ್ತದೆ. ಪಕ್ಕದವರ ಹೊಲ ಕಡುಹಸಿರಾಗಿದೆ ಎಂದು ಇನ್ನೊಂದು ಚೀಲ ಸುರಿಯಬೇಡಿ. ಈ ಸಲ ಒಂದು ಮಡಿಯಲ್ಲಾದರೂ ಯೂರಿಯಾ ಮೊದಲು, ನೀರು ಆಮೇಲೆ ಕೊಟ್ಟು, ಉಳಿದ ಮಡಿಗಳ ಇಳುವರಿಯೊಂದಿಗೆ ತೂಗಿ ನೋಡಿ.