ಹತಾರ ಒಪ್ಪಿಸದ ಹಲಗಲಿ

ಮುಧೋಳದಿಂದ ಬೀಳಗಿಯ ದಿಕ್ಕಿಗೆ ಹೊರಟರೆ ಘಟಪ್ರಭೆಯ ನೀರುಂಡ ಕಬ್ಬಿನ ಹೊಲಗಳು ಸ್ವಲ್ಪ ದೂರ ಜೊತೆಗೆ ಬರುತ್ತವೆ. ಆಮೇಲೆ ಕಲ್ಲು ಹೆಚ್ಚುತ್ತದೆ, ಕುರುಚಲು ಗುಡ್ಡಗಳು ಕಾಣತೊಡಗುತ್ತವೆ. ಹಲಗಲಿ ಇರುವುದು ಈ ಸೀಮೆಯಲ್ಲಿ. ಶಾಲೆಯಲ್ಲಿ ‘ಹಲಗಲಿ ಬೇಡರು’ ಲಾವಣಿ ಓದಿದವರಿಗೆ ಈ ಊರಿನ ಹೆಸರು ಹೊಸದಲ್ಲ. 1857ರಲ್ಲಿ ಆ ಬೇಡರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡಲಾರೆವೆಂದ ಬಂದೂಕು ಎಂಥದು, ಅದು ಯಾವ ಯಾವ ಭಾಗಗಳಿಂದ ಆಗಿತ್ತು ಎಂಬ ಪ್ರಶ್ನೆಯಿಟ್ಟುಕೊಂಡು ನಾನು ಇಲ್ಲಿಗೆ ಬಂದೆ.

ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ: “ಅಜ್ಜಾರ, ಆಗಿನ ಬಂದೂಕ ಯಾರ ಮನ್ಯಾಗರ ಅದಾವೇನ್ರಿ?”

“ಎಲ್ಲಿಂದ ಬರಬೇಕ್ರಿ? ಊರಿಗೇ ಬೆಂಕಿ ಹಚ್ಚಿ ಹೋದ್ರಲ್ಲ!”

ಆ ಕಾಲಕ್ಕೆ ದಖ್ಖನ್ನಿನ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದದ್ದು ಬತ್ತಿಯ ಬಂದೂಕು. ಮುಖ್ಯ ಭಾಗ ಉದ್ದನೆಯ ಕಬ್ಬಿಣದ ನಳಿಗೆ. ಅದು ದಪ್ಪವಾದಷ್ಟೂ ಮದ್ದಿನ ಒತ್ತಡ ತಡೆಯುತ್ತದೆ, ಆದರೆ ಹೊತ್ತು ಗುಡ್ಡ ಹತ್ತುವವನ ಹೆಗಲಿಗೆ ಭಾರವಾಗುತ್ತದೆ. ಬಂದೂಕು ಮಾಡಿಸುವವನು ಈ ಎರಡನ್ನೂ ತೂಗಿ ನೋಡಬೇಕಿತ್ತು. ನಳಿಗೆಯ ಕೆಳಗೆ ಸಪೂರಾದ ಮರದ ಹಿಡಿ. ನಳಿಗೆಯ ಬುಡದಲ್ಲಿ ಒಂದು ಸಣ್ಣ ತೂತು, ಪಕ್ಕದಲ್ಲಿ ಚಿಟಿಕೆ ಮದ್ದು ಹಿಡಿಯುವ ಬಟ್ಟಲು. ಕುದುರೆ ಒತ್ತಿದರೆ ಹೊಗೆಯಾಡುತ್ತಿರುವ ಬತ್ತಿ ಬಟ್ಟಲಿಗೆ ಬಾಗುತ್ತದೆ, ಕಿಡಿ ತೂತಿನೊಳಗೆ ಹೋಗಿ ಗುಂಡು ಹಾರುತ್ತದೆ. ಮಳೆ ಬಂದರೆ ಬತ್ತಿ ಆರುತ್ತದೆ, ಕತ್ತಲಲ್ಲಿ ಅದರ ಕೆಂಡವೇ ಹಿಡಿದವನನ್ನು ತೋರಿಸಿಕೊಡುತ್ತದೆ. ಒಂದು ಸಲ ಹಾರಿಸಿ ಮತ್ತೆ ತುಂಬಲು ಬಹಳ ಹೊತ್ತು ಬೇಕು.

ಇಷ್ಟೆಲ್ಲ ಕೊರತೆಯಿದ್ದರೂ ಈ ಬಂದೂಕಿಗೆ ಒಂದು ದೊಡ್ಡ ಗುಣವಿತ್ತು. ಕಂಪನಿಯ ಹೊಸ ಬಂದೂಕಿಗೆ ಕಾರ್ಖಾನೆಯಲ್ಲಿ ತಯಾರಾದ ತಾಮ್ರದ ಟೋಪಿ ಬೇಕು, ಅದು ಮುಗಿದರೆ ಬಂದೂಕು ಬರೀ ದೊಣ್ಣೆ. ಬತ್ತಿಯ ಬಂದೂಕಿಗೆ ಬೇಕಾದದ್ದು ನೂಲಿನ ಹುರಿ, ಇದ್ದಿಲು, ಗಂಧಕ, ಮಣ್ಣಿನಿಂದ ತೆಗೆದ ಪೆಟ್ಲುಪ್ಪು, ಸೀಸದ ಗುಂಡು. ಮುರಿದರೆ ಕಮ್ಮಾರ ರಿಪೇರಿ ಮಾಡುತ್ತಿದ್ದ. ಕಂಪನಿಯ ಉಗ್ರಾಣಕ್ಕೆ ಕೈಚಾಚದೆ ಬದುಕಬಲ್ಲ ಆಯುಧ ಅದು. ಕಂಪನಿಗೆ ಅದರ ಭಯ ಯಾಕಿತ್ತೆಂಬುದು ಇದರಿಂದಲೇ ತಿಳಿಯುತ್ತದೆ.

1857ರ ಸೆಪ್ಟೆಂಬರಿನಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ಬಂತು. ಉತ್ತರದಲ್ಲಿ ಸಿಪಾಯಿಗಳು ಸಿಡಿದೆದ್ದಾಗ ನೆಪವಾದದ್ದು ಕೈಗೆ ಕೊಟ್ಟ ರೈಫಲ್ಲಿನ ತೋಟೆ. ಇಲ್ಲಿ ಕೈಯಿಂದ ಕಸಿದುಕೊಳ್ಳಲು ಬಂದ ಹತಾರವೇ ಬಂಡಾಯಕ್ಕೆ ಕಾರಣವಾಯಿತು. ಘೋರ್ಪಡೆ ಅರಸರ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಬೇಟೆಯ ಜನ, ಕಾವಲಿನ ಜನ. ಹತಾರ ಹೋದರೆ ಅನ್ನವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಜಡಗ, ಬಾಲ, ಹನುಮ, ರಾಮ ಮುಂದೆ ನಿಂತರು. ನವೆಂಬರ್ ಕೊನೆಗೆ ಕರ್ನಲ್ ಮಾಲ್ಕಂನ ಪಡೆ ಊರನ್ನು ಮುತ್ತಿತು. ಮನೆಮನೆಯಿಂದ ಗುಂಡು ಹಾರಿತು. ಸೈನಿಕರು ಊರಿಗೆ ಬೆಂಕಿ ಇಟ್ಟರು. ಸುಮಾರು ನೂರು ಮಂದಿ ಸತ್ತರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲೇ 6 ಜನರನ್ನು ಗಲ್ಲಿಗೇರಿಸಿದರು.

ಓಣಿಗಳಲ್ಲಿ ನಡೆಯುತ್ತಿದ್ದಾಗ ನನಗೆ ಪದೇ ಪದೇ ನೆನಪಾದದ್ದು ಲಾವಣಿಯಲ್ಲಿ ಬರುವ ಲೂಟಿಯ ವಿವರ. ಹಾಡು ಕಟ್ಟಿದವನು ಉಪ್ಪು, ಎಣ್ಣೆ, ಬೆಲ್ಲ, ಮಂಗಳಸೂತ್ರ, ಬೀಸುವ ಕಲ್ಲು ಯಾವುದನ್ನೂ ಮರೆತಿಲ್ಲ. ಹತಾರ ಕೇಳಲು ಬಂದವರು ಅಡಿಗೆಮನೆಯನ್ನೂ ಬರಿದು ಮಾಡಿದರು. ಆ ಹಾಡನ್ನು ಬರೆಯಿಸಿ 1885ರ ಸುಮಾರಿಗೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಮಾಡಿಸಿದ ಜೆ. ಎಫ್. ಫ್ಲೀಟ್ ಬ್ರಿಟಿಷ್ ಸರ್ಕಾರದ ಅಧಿಕಾರಿಯೇ. ಆತ ಉಳಿಸಿದ್ದಕ್ಕೆ ನಾವು ಋಣಿಗಳು.

ಕೊಡಗಿನಲ್ಲಿ ಮಾತ್ರ ನಡೆದದ್ದೇ ಬೇರೆ. ಕೊಡವರ ನಿಷ್ಠೆಯನ್ನು ಮೆಚ್ಚಿದ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಅವರಿಗೆ ಅದೇ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಇಂದಿಗೂ ಕೊಡಗಿನಲ್ಲಿ ಆ ವಿನಾಯಿತಿ ನಡೆದುಬಂದಿದೆ, ಕೋವಿಗೆ ಅಲ್ಲಿ ವರ್ಷಕ್ಕೊಮ್ಮೆ ಪೂಜೆಯಾಗುತ್ತದೆ. ಹಲಗಲಿಯವರಿಗೂ ತಮ್ಮ ಹತಾರ ಅಷ್ಟೇ ಪೂಜ್ಯವಾಗಿತ್ತು.

ಹಲಗಲಿಗೆ ಬರುವವರು ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ಮುಧೋಳ, ಆಮೇಲೆ ಹಲಗಲಿ, ಸಂಜೆಗೆ ಬೀಳಗಿ ತಾಲ್ಲೂಕಿನ ಯಡಹಳ್ಳಿಯ ಗುಡ್ಡಗಳು. ಅಲ್ಲಿನ ಸುಮಾರು 96 ಚದರ ಕಿಲೋಮೀಟರ್ ಕಾಡನ್ನು 2016ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಲಾಗಿದೆ. ಬತ್ತಿಯ ಬಂದೂಕು ಎಂಥ ನೆಲಕ್ಕೆ ಹೊಂದುವ ಆಯುಧವಾಗಿತ್ತೆಂದು ತಿಳಿಯಬೇಕಾದರೆ ಆ ಗುಡ್ಡಗಳ ಇಳಿಜಾರಿನಲ್ಲಿ ನಿಂತು ನೋಡಬೇಕು.